ಉಕ್ಕಿನ ಪಟ್ಟಿಯಲ್ಲಿ ಬಿಗಿದ ಗಂಗವ್ವನ ಸಂಸಾರ

ಉಕ್ಕಿನ ಪಟ್ಟಿಯ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂದು ನಾನು ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಪೀಣ್ಯದಲ್ಲಿ ನೀರಿನ ಪಂಪು ತಯಾರಿಸುವ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕುಳಿತು ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಪಂಪನ್ನು ಮರದ ಪೆಟ್ಟಿಗೆಗೆ ಇಳಿಸಿ, ಪೆಟ್ಟಿಗೆಯ ಸುತ್ತ ಕಪ್ಪಗೆ ಹೊಳೆಯುವ ಉಕ್ಕಿನ ಪಟ್ಟಿ ಬಿಗಿದು ಲಾರಿಗೆ ಹತ್ತಿಸುತ್ತಾರಲ್ಲ, ಆ ಪಟ್ಟಿಯ ಸುರುಳಿಗಳನ್ನು ತರಿಸುವವಳು ನಾನೇ. ಅಗಲ ಎಷ್ಟಿರಬೇಕು, ದಪ್ಪ ಎಷ್ಟಿರಬೇಕು, ಬಣ್ಣ ಬಳಿದದ್ದು ಬೇಕೋ ಸತು ಲೇಪಿಸಿದ್ದು ಬೇಕೋ, ಎಲ್ಲವನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳುವವರು ಯಾರೂ ಇರಲಿಲ್ಲ, ಅದು ಬೇರೆ ಮಾತು.

ಅಷ್ಟೇ ಅಲ್ಲ, ಪ್ಯಾಕಿಂಗ್ ಶೆಡ್ಡಿನ ಗೋಡೆಯ ಮೇಲಿರುವ ಸುರಕ್ಷತಾ ಫಲಕವನ್ನು ಬರೆದುಕೊಟ್ಟವಳೂ ನಾನೇ. “ಪಟ್ಟಿಯನ್ನು ಮುಟ್ಟುವ ಮುನ್ನ ದಪ್ಪ ಕೈಗವಸು ಹಾಗೂ ರಕ್ಷಣಾ ಕನ್ನಡಕ ಧರಿಸತಕ್ಕದ್ದು. ಸುರುಳಿಯ ಕಟ್ಟು ಬಿಚ್ಚುವ ಮುನ್ನ ಅದನ್ನು ಸ್ಟ್ಯಾಂಡಿನ ಮೇಲೆ ಭದ್ರಪಡಿಸತಕ್ಕದ್ದು. ಬಿಗಿದ ಪಟ್ಟಿಯನ್ನು ಕತ್ತರಿಸುವಾಗ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲತಕ್ಕದ್ದು.” ಎಷ್ಟೊಂದು ತಕ್ಕದ್ದುಗಳು! ಕೆಲಸಗಾರರು ಅದನ್ನು ಓದಿ ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಬರೆದವಳು ಮಾತ್ರ ಅಷ್ಟು ವರ್ಷಗಳಲ್ಲಿ ಒಂದೇ ಒಂದು ಪಟ್ಟಿಯನ್ನೂ ಕೈಯಿಂದ ಮುಟ್ಟಿರಲಿಲ್ಲ.

ನಮ್ಮ ಮನೆ ಇರುವುದು ಕಾರ್ಖಾನೆಗಳ ಹಿಂದಿನ ಒಂದು ವಠಾರದ ಮೊದಲ ಮಹಡಿಯಲ್ಲಿ. ‘ನಮ್ಮ’ ಎನ್ನುವುದು ಬಾಯಿರೂಢಿ. ಇರುವವಳು ನಾನೊಬ್ಬಳೇ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರ ಮೇಲೆಲ್ಲ ಎಗರಾಡಿ ಎಗರಾಡಿ, ಈಗ ಕೇಳುವವರೂ ಇಲ್ಲ. ಪಕ್ಕದ ಒಂದು ಕೋಣೆಯ ಮನೆಯಲ್ಲಿ ಕೊಪ್ಪಳದ ಕಡೆಯ ಗಂಗವ್ವ ಮತ್ತು ಅವಳ ಗಂಡ ಬಸಪ್ಪ ಬಾಡಿಗೆಗಿದ್ದರು. ಬಸಪ್ಪ ಹೊಸ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಗಂಗವ್ವ ಗಾರ್ಮೆಂಟ್ಸಿಗೆ ಹೋಗಿ ಹೊಲಿಯುವವಳು. ಸಂಜೆ ಅವಳು ರೊಟ್ಟಿ ಬಡಿಯುವ ಸದ್ದು ಗೋಡೆ ದಾಟಿ ಬಂತೆಂದರೆ ನನಗೆ ಏನಾದರೊಂದು ತುರ್ತು ಕೆಲಸ ನೆನಪಾಗುತ್ತಿತ್ತು. ಒಂದು ದಿನ ಹೆಪ್ಪಿಗೆ ಮೊಸರು. ಇನ್ನೊಂದು ದಿನ ಬೆಂಕಿಪೊಟ್ಟಣ. ಮತ್ತೊಂದು ದಿನ “ನಿಮ್ಮನೇಲೂ ಕರೆಂಟ್ ಹೋಗಿದ್ಯಾ?” ಎಂಬ ವಿಚಾರಣೆ, ಎರಡೂ ಮನೆಯಲ್ಲಿ ದೀಪ ಝಗಝಗ ಉರಿಯುತ್ತಿರುವಾಗ!

ನನ್ನ ಈ ನೆಪಗಳಿಗೆ ಗಂಗವ್ವ ಒಂದು ದಿನವೂ ನಗಲಿಲ್ಲ. “ಬಂದೀರಲ್ಲ, ಕುಂದರ್ರಿ ಅಕ್ಕಾರ. ಬಿಸಿ ರೊಟ್ಟಿ ಐತಿ” ಎನ್ನುತ್ತಿದ್ದಳು. ನಾನು ಮೊದಲು ಬೇಡವೆನ್ನುತ್ತಿದ್ದೆ, ಆಮೇಲೆ ಕುಳಿತು ತಿನ್ನುತ್ತಿದ್ದೆ. ಇಡೀ ದಿನದಲ್ಲಿ ಬಾಯ್ತುಂಬ ಮಾತಾಡುತ್ತಿದ್ದುದು ಅಲ್ಲಿ ಮಾತ್ರ.

ಒಂದು ಸಂಜೆ ಗಂಗವ್ವ ರೊಟ್ಟಿ ಮಗುಚುತ್ತಾ, ನನ್ನ ಮುಖ ನೋಡದೆ ಹೇಳಿದಳು. “ಅಕ್ಕಾರ, ಇವರ ಕೆಲಸ ಸರ್ಜಾಪುರದ ಕಡಿ ಬಿದ್ದೈತ್ರಿ. ದೊಡ್ಡ ಅಪಾರ್ಟ್‌ಮೆಂಟು. ಅಲ್ಲೇ ಬಾಜೂಕ ಮನಿ ಸಿಕ್ಕೈತಿ. ಈ ಐತವಾರ ಹೋಗ್ತೀವ್ರಿ.”

ಪೀಣ್ಯದವರಿಗೆ ಸರ್ಜಾಪುರ ಎಂದರೆ ಏನೆಂದು ಪೀಣ್ಯದವರಿಗೇ ಗೊತ್ತು. ಊರಿನ ಈ ತುದಿ ನಮ್ಮದು, ಆ ತುದಿ ಅದು. ನಡುವೆ ಇಡೀ ಬೆಂಗಳೂರಿನ ಟ್ರಾಫಿಕ್ಕು ಅಡ್ಡ ಮಲಗಿದೆ. ಅದಕ್ಕಿಂತ ಬೇಗ ತುಮಕೂರು ತಲುಪಬಹುದು. ನನ್ನ ಗಂಟಲಲ್ಲಿ ರೊಟ್ಟಿ ನಿಂತುಬಿಟ್ಟಿತು. ಇಂಥ ಹೊತ್ತಿನಲ್ಲಿ ಬೇರೆಯವರು ಅಳುತ್ತಾರೆ. ನನಗೆ ಸಿಟ್ಟು ಬರುತ್ತದೆ.

“ಹೋಗಿ! ನನಗೇನಂತೆ?” ಎಂದೆ. ಆಮೇಲೆ ನೀರು ಕುಡಿದು, “ಆದ್ರೆ ಸಾಮಾನು ಕಟ್ಟೋದು ನಾನೇ. ಹೇಳಿದೀನಿ” ಎಂದು ಅಪ್ಪಣೆ ಹೊರಡಿಸಿದೆ.

ಬಸಪ್ಪ ಮೆಲ್ಲಗೆ, “ಸಾಮಾನು ಏನ್ ಭಾಳ ಇಲ್ರಿ ಅಕ್ಕಾರ. ಹಗ್ಗ ಐತಿ, ಎರಡು ಹಳೆ ಸೀರಿ ಅದಾವು. ಸುತ್ತಿ ಕಟ್ಟಿದ್ರ ಆತು” ಎಂದ.

“ಹಗ್ಗ? ಸೀರೆ? ಬಸಪ್ಪ, ಹಗ್ಗ ಇರೋದು ದನ ಕಟ್ಟೋಕೆ, ಸೀರೆ ಇರೋದು ಉಡೋಕೆ. ನಮ್ಮ ಪಂಪುಗಳು ಹಡಗು ಹತ್ತಿ ಆಫ್ರಿಕಾಕ್ಕೆ ಹೋಗ್ತವೆ. ಒಂದು ಗೀರು ಬೀಳಲ್ಲ! ಯಾಕೆ? ಉಕ್ಕಿನ ಪಟ್ಟಿ! ಆಫ್ರಿಕಾಕ್ಕೆ ಹೋಗೋದು ಸರ್ಜಾಪುರಕ್ಕೆ ಹೋಗಲ್ವಾ?”

ಬಸಪ್ಪ ಹೆಂಡತಿಯ ಮುಖ ನೋಡಿದ. “ಅಕ್ಕಾರು ಅಷ್ಟು ಹೇಳಾಕತ್ತಾರ, ಇರ್ಲಿ ಬಿಡು” ಎಂದಳು ಗಂಗವ್ವ. ಆ ‘ಇರ್ಲಿ ಬಿಡು’ವನ್ನು ನಾನು ಸರ್ವಾನುಮತದ ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಮಾರನೆಯ ದಿನ ಪ್ಯಾಕಿಂಗ್ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು, “ಏನ್ ಕಟ್ಟೋದಿದೆ ಮೇಡಂ?” ಎಂದ.

“ಒಂದು ಸಂಸಾರ” ಎಂದೆ.

“ಮನೆ ಸಾಮಾನಾ? ಹಾಗಾದ್ರೆ ಪ್ಲಾಸ್ಟಿಕ್ ಪಟ್ಟಿ ತಗೊಳ್ಳಿ. ಹಾಸಿಗೆ, ಬಟ್ಟೆ, ರಟ್ಟಿನ ಡಬ್ಬ ಇಂಥದ್ದಕ್ಕೆಲ್ಲ ಉಕ್ಕು...”

“ರೀ, ಪಟ್ಟಿ ಬಗ್ಗೆ ನನಗೆ ಪಾಠ ಹೇಳ್ಬೇಡಿ. ಉಕ್ಕಿನದೇ ಕೊಡಿ. ಇರೋದರಲ್ಲೇ ಅಗಲವಾದದ್ದು, ಇರೋದರಲ್ಲೇ ದಪ್ಪವಾದದ್ದು!”

ಅವನು ಅರ್ಧ ತೆರೆದ ಬಾಯಿ ಮುಚ್ಚಿಕೊಂಡು ಕೊಟ್ಟ. ಗ್ರಾಹಕನೇ ದೇವರು ಎಂದು ನಂಬಿದವನಿರಬೇಕು. ದೇವರು ಹಾಳಾಗುವುದಾದರೆ ತಡೆಯಲು ನಾವು ಯಾರು? ಎತ್ತಲು ಹೋದರೆ ಸುರುಳಿ ಅಲುಗಲಿಲ್ಲ. ಕೊನೆಗೆ ಅಂಗಡಿಯ ಆಳು ಮತ್ತು ಆಟೋದವನು ಸೇರಿ ಅದನ್ನು ಹಿಂದಿನ ಸೀಟಿಗೆ ಹತ್ತಿಸಿದರು. ನಾನು ಪಕ್ಕದಲ್ಲಿ, ಹೆಣ್ಣು ಒಪ್ಪಿಸಲು ಹೊರಟ ತಾಯಿಯ ಹಾಗೆ, ಅದರ ಮೇಲೆ ಕೈಯಿಟ್ಟುಕೊಂಡು ಕುಳಿತೆ.

ಭಾನುವಾರ ಬೆಳಗ್ಗೆ ಕಾರ್ಯಕ್ರಮ ಆರಂಭವಾಯಿತು. ಪಟ್ಟಿಯನ್ನು ಬಿಗಿಯಾಗಿ ಎಳೆಯುವ ಟೆನ್ಷನರ್, ಎರಡು ತುದಿ ಸೇರಿಸಿ ಕ್ಲಿಪ್ಪು ಒತ್ತುವ ಸೀಲರ್, ಎರಡನ್ನೂ ಮ್ಯಾನೇಜರ್ ಬಳಿ ಕೇಳಿ ತಂದಿದ್ದೆ. ಸುರುಳಿ ತಾನಾಗಿ ಬಿಚ್ಚಿಕೊಳ್ಳದಂತೆ ಅದಕ್ಕೆ ಅಲ್ಲಲ್ಲಿ ತಂತಿ ಬಿಗಿದಿರುತ್ತಾರೆ. ಫಲಕದ ಪ್ರಕಾರ ಮೊದಲು ಅದನ್ನು ಸ್ಟ್ಯಾಂಡಿನ ಮೇಲೆ ಭದ್ರಪಡಿಸತಕ್ಕದ್ದು. ಸ್ಟ್ಯಾಂಡು ಇರಲಿಲ್ಲ, ಮೆಟ್ಟಿಲ ಪಕ್ಕದ ಗೋಡೆ ಇತ್ತು. ಗೋಡೆಗೆ ಒರಗಿಸಿ ನಿಲ್ಲಿಸಿದೆ. ಕೈಗವಸು ಧರಿಸತಕ್ಕದ್ದು. ಕೈಗವಸು ಇರಲಿಲ್ಲ, ಮಸಿಬಟ್ಟೆ ಇತ್ತು. ಓದುವ ಕನ್ನಡಕ ಹೇಗೂ ಮೂಗಿನ ಮೇಲಿತ್ತು. ಗಂಗವ್ವ, ಬಸಪ್ಪ ಇಬ್ಬರನ್ನೂ ಕೋಣೆಯೊಳಗೆ ನಿಲ್ಲಿಸಿ, ಬಸಪ್ಪನ ಕಟಿಂಗ್ ಪ್ಲೇಯರ್ ತೆಗೆದುಕೊಂಡು ತಂತಿಗಳನ್ನು ಒಂದೊಂದಾಗಿ ಕತ್ತರಿಸಿದೆ. ಎಲ್ಲವನ್ನೂ!

ಒಂದು ಗಳಿಗೆ ಏನೂ ಆಗಲಿಲ್ಲ. ನಾನು ಹೆಮ್ಮೆಯಿಂದ ತಿರುಗಿ ಗಂಗವ್ವನ ಕಡೆ ನೋಡಿದೆ. ಆಗ ನನ್ನ ಹಿಂದೆ ‘ಝಣಾರ್’ ಎಂದಿತು. ಇಷ್ಟು ದಿನ ಉಸಿರು ಬಿಗಿಹಿಡಿದು ಕುಳಿತಿದ್ದ ಸುರುಳಿ ಒಮ್ಮೆಲೇ ಮೈಮುರಿದು ಎದ್ದಿತು. ಒಳಸುತ್ತುಗಳು ಚಾವಣಿಗೆ ಹಾರಿದವು, ಹೊರಸುತ್ತುಗಳು ಝಣಝಣ ಎನ್ನುತ್ತಾ ಮೆಟ್ಟಿಲಿಳಿದವು. ನಾನು ‘ಅಯ್ಯಯ್ಯೋ’ ಎಂದು ಕೋಣೆಯೊಳಗೆ ಹಾರಿ ಬಸಪ್ಪನ ಕಾಲ ಮೇಲೆ ಬಿದ್ದೆ. ಹೆಬ್ಬೆರಳಿಗೆ ಒಂದು ಗೀರು ಬಿತ್ತು, ಅಷ್ಟೇ. ಕಣ್ಣಿಗೆ ಬೀಳಬೇಕಾಗಿದ್ದದ್ದು ಬೆರಳಿಗೆ ಬಿತ್ತು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೆಳಗಿನಿಂದ ಮನೆ ಮಾಲೀಕರಾದ ಮುನಿರತ್ನಮ್ಮನವರ ಕೂಗು ಕೇಳಿತು. “ಅಯ್ಯೋ ಸರೋಜಮ್ಮಾ! ಏನಮ್ಮ ಇದು, ಆವು ಬಂದಂಗೆ ಬಂತಲ್ಲಮ್ಮ! ನನ್ ತುಳಸಿ ಕಟ್ಟೆ ಸುತ್ಕೊಂಡ್ ಕುಂತದೆ!”

ನಾನು ಎದ್ದು, ಸೀರೆ ಸರಿಮಾಡಿಕೊಂಡು, ಕಂಬಿಯಿಂದ ಬಗ್ಗಿ, “ಏನಿಲ್ಲಮ್ಮ, ಪ್ಯಾಕಿಂಗ್ ನಡೀತಿದೆ” ಎಂದೆ.

“ಇಂಗೂ ಪ್ಯಾಕಿಂಗ್ ಮಾಡ್ತಾರಾ? ಮನೆ ಖಾಲಿ ಮಾಡ್ತಿರೋದು ಅವರಾ, ಇಲ್ಲ ನಾನಾ?”

ಬಸಪ್ಪ ಕೆಳಗಿಳಿದು, ಕೈಗೆ ಗೋಣಿಚೀಲ ಸುತ್ತಿಕೊಂಡು, ತುಳಸಿಯನ್ನು ಬಿಡಿಸಿ, ಪಟ್ಟಿಯನ್ನು ಹೇಗೋ ಸಿಂಬೆ ಸುತ್ತಿ ಹೊತ್ತು ತಂದ.

ಇನ್ನು ಕಟ್ಟುವ ಕೆಲಸ. ಟೆನ್ಷನರಿನ ಹಿಡಿಕೆ ಎಳೆದಷ್ಟೂ ಪಟ್ಟಿ ಬಿಗಿಯುತ್ತದೆ. ಎಲ್ಲಿ ನಿಲ್ಲಿಸಬೇಕು ಎಂದು ನಾನು ಫಲಕದಲ್ಲಿ ಬರೆದಿರಲಿಲ್ಲ. ಆದ್ದರಿಂದ ನಿಲ್ಲಿಸಲಿಲ್ಲ. ನೀರಿನ ಡ್ರಮ್ಮಿಗೆ ಹುಟ್ಟಿದಾರಭ್ಯ ಇಲ್ಲದ ಸೊಂಟ ಬಂತು.

“ಅಕ್ಕಾರ, ಡ್ರಮ್ಮಿಗೆ ಉಸಿರು ಕಟ್ಟಾಕತ್ತೈತ್ರಿ!”

“ಸುಮ್ನಿರು ಗಂಗವ್ವ. ಬಿಗಿ ಇದ್ದಷ್ಟೂ ಭದ್ರ.”

ಜೋಳದ ಚೀಲದ ಹೊಟ್ಟೆ ಒಡೆಯಿತು. ತಗಡಿನ ಟ್ರಂಕು ಕೈಮುಗಿದಂತೆ ಮಡಚಿಕೊಂಡಿತು. ಟಿವಿಯ ರಟ್ಟಿನ ಡಬ್ಬಕ್ಕೆ ಪಟ್ಟಿ ಎಳೆದಾಗ ಒಳಗೆಲ್ಲೋ ‘ಕಟ್’ ಎಂದಿತು. ಮೂವರಿಗೂ ಕೇಳಿಸಿತು. ಮೂವರೂ ಕಿಟಕಿಯ ಕಡೆ ನೋಡಿದೆವು. ಹೊದೆಯಲೆಂದು ಹಳೆ ಬಟ್ಟೆಯಲ್ಲಿ ಗಂಗವ್ವ ಕೈಯಾರೆ ಹೊಲಿದ ಕೌದಿಗಳ ಗಂಟನ್ನೂ ನಾನು ಬಿಡಲಿಲ್ಲ. ಅದನ್ನು ಹಿಂಡಿ ಹಿಂಡಿ ಉಂಡೆ ಮಾಡಿ ಪಟ್ಟಿ ಬಿಗಿದೆ. ಒಂದೊಂದು ಸಲ ಹಿಡಿಕೆ ಎಳೆದಾಗಲೂ ಮನಸ್ಸು ‘ಹೋಗಬೇಡ್ರೇ, ಹೋಗಬೇಡ್ರೇ’ ಎನ್ನುತ್ತಿತ್ತು. ಬಾಯಿ ಮಾತ್ರ “ಆ ಕಡೆ ಗಟ್ಟಿಯಾಗಿ ಹಿಡ್ಕೊಳ್ರಿ!” ಎನ್ನುತ್ತಿತ್ತು.

ಕೊನೆಯದು ಮಡಚುವ ಕಬ್ಬಿಣದ ಮಂಚ. ಟೆಂಪೋದವನು ಬಂದು ಹಾರನ್ ಒತ್ತುತ್ತಿದ್ದ. ಅವಸರದಲ್ಲಿ ಪಟ್ಟಿ ಸುತ್ತಿ, ಶಕ್ತಿಮೀರಿ ಎಳೆದು, ಕ್ಲಿಪ್ಪು ಒತ್ತಿ, “ಆಯ್ತು, ಎತ್ಕೊಳ್ಳಿ” ಎಂದು ತಿರುಗಿ ಹೊರಟೆ. ಹೊರಡಲಾಗಲಿಲ್ಲ. ಯಾರೋ ಹಿಂದಿನಿಂದ ಎಳೆದರು.

ಮೇಲೆ ಹತ್ತಿ ಬಂದಿದ್ದ ಟೆಂಪೋದವನು ಕೇಳಿದ. “ಅಕ್ಕ, ನೀವೂ ಬರ್ತೀರಾ?”

“ಇಲ್ಲಪ್ಪ, ನಾನ್ಯಾಕೆ?”

“ಮತ್ತೆ ಮಂಚದ ಜೊತೆ ಕಟ್ಕೊಂಡಿದೀರಲ್ಲ!”

ನೋಡಿದರೆ ನನ್ನ ಸೆರಗು ಪಟ್ಟಿಯ ಕೆಳಗೆ, ಕ್ಲಿಪ್ಪಿನ ಒಳಗೆ, ಆಫ್ರಿಕಾಕ್ಕೆ ಹೋಗುವಷ್ಟು ಭದ್ರವಾಗಿ ಕುಳಿತಿದೆ! ಟೆನ್ಷನರಿನ ಬ್ಲೇಡು ಹೊರಗುಳಿದ ತುದಿಯನ್ನಷ್ಟೇ ಕತ್ತರಿಸುತ್ತದೆ, ಬಿಗಿದ ಪಟ್ಟಿಯನ್ನು ಬಿಚ್ಚಬೇಕಾದರೆ ಬೇರೆ ಕಟರ್ ಬೇಕು. ಕಟರ್ ನಾನು ತಂದೇ ಇರಲಿಲ್ಲ. ನಮ್ಮ ಪ್ಯಾಕಿಂಗ್ ಶೆಡ್ಡಿನಲ್ಲಿ ಕಟ್ಟುವುದೇ ಕೆಲಸ, ಬಿಚ್ಚುವುದು ಹೆಚ್ಚಾಗಿ ಕೊಂಡವರ ಪಾಡು. ಕತ್ತರಿಸುವ ನಿಯಮವನ್ನು ಫಲಕದಲ್ಲಿ ಬರೆದವಳೇ ನಾನಾದರೂ, ಬಿಚ್ಚಬೇಕಾಗುತ್ತದೆ ಎಂಬ ವಿಚಾರವೇ ನನ್ನ ತಲೆಯಲ್ಲಿ ಸುಳಿದಿರಲಿಲ್ಲ. ಬಸಪ್ಪನ ಪ್ಲೇಯರ್ ಆ ದಪ್ಪ ಪಟ್ಟಿಯನ್ನು ಕಚ್ಚಿ ಕಚ್ಚಿ ಸುಸ್ತಾಯಿತು.

ಗಂಗವ್ವ ತನ್ನ ಹೊಲಿಗೆಯ ಕತ್ತರಿ ಹಿಡಿದು ನಿಂತಳು. “ಅಕ್ಕಾರ, ಚಲೋ ಸೀರಿ ಐತ್ರಿ...”

“ಕತ್ತರಿಸು.”

ಕತ್ತರಿಸಿದಳು. ಟೆಂಪೋ ಹೊರಟಿತು. ನನ್ನ ಸೆರಗಿನ ಒಂದು ತುಂಡು ಗಂಗವ್ವನ ಜೊತೆ ಸರ್ಜಾಪುರಕ್ಕೆ ಹೋಯಿತು, ನಾನು ಇಲ್ಲೇ ಉಳಿದೆ. ಗಂಗವ್ವ ಟೆಂಪೋದ ಮುಂದಿನ ಸೀಟಿನಿಂದ ಕೈಬೀಸಿದಳು. ನಾನು ಕೈಬೀಸಲಿಲ್ಲ. ಕಣ್ಣೊರೆಸಿಕೊಳ್ಳಲು ಸೆರಗು ಹುಡುಕುತ್ತಿದ್ದೆ, ಸಿಗಲಿಲ್ಲ.

ಆ ವಾರ ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಸಂಜೆ ಕೆಲಸದಿಂದ ಬಂದು ಬೀಗ ತೆಗೆದರೆ ಗೋಡೆಯ ಆಚೆ ಸದ್ದಿಲ್ಲ. ಅನ್ನಕ್ಕೆ ಇಟ್ಟೆ. ಒಬ್ಬಳಿಗೆ ಎಷ್ಟು ಅಕ್ಕಿ ಬೇಕೆಂದು ಮರೆತೇಹೋಗಿತ್ತು. ತಡೆಯಲಾರದೆ ಒಂದು ಸಂಜೆ ಬಟ್ಟಲು ಹಿಡಿದುಕೊಂಡು ಕೆಳಗಿಳಿದು ಮುನಿರತ್ನಮ್ಮನವರ ಬಾಗಿಲು ತಟ್ಟಿದೆ.

“ಎಪ್ಪಿಗೆ ಮೊಸರಾ? ಅದಕ್ಕೇನಂತೆ, ತಗೊಂಡೋಗಮ್ಮ” ಎಂದು ಬಟ್ಟಲು ತುಂಬ ಹಾಕಿಕೊಟ್ಟರು. ಸೀರಿಯಲ್ಲು ನೋಡುತ್ತಿದ್ದರು. ಬಾಗಿಲು ಹಾಕಿಕೊಂಡರು. ಅವರದೇನು ತಪ್ಪು? ಮೊಸರು ಕೇಳಿದೆ, ಮೊಸರು ಕೊಟ್ಟರು. ನಾನು ಮೆಟ್ಟಿಲ ಮೇಲೆ ಬಟ್ಟಲು ಹಿಡಿದು ಕುಳಿತೆ. ಅಳು ಬಂತು. ಸದ್ಯ ಯಾರೂ ನೋಡಲಿಲ್ಲ. ಯಾರಾದರೂ ನೋಡಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು.

ಶನಿವಾರ ಫೋನು ಬಂತು. “ಅಕ್ಕಾರ, ಆರಾಮ ಅದೀರೇನ್ರಿ? ನೀವು ಕಟ್ಟಿದ್ದು ಬಿಚ್ಚಾಕ ಆಗವಲ್ದ್ರಿ.”

“ಏನು! ವಾರದಿಂದ ಒಂದನ್ನೂ ಬಿಚ್ಚಿಲ್ವಾ?”

“ಉಳಿದಾವೆಲ್ಲ ಸೈಟಿನ್ಯಾಗ ಕಂಬಿ ಕತ್ತರಿಸೋ ಮಷೀನ್ ತಂದು ಬಿಚ್ಚೀವ್ರಿ. ಕೌದಿ ಗಂಟು ಒಂದ ಆಗವಲ್ದು. ಅದಕ್ಕ ನೀವ ಬರಬೇಕ್ರಿ.”

ಉಳಿದವನ್ನು ಬಿಚ್ಚಿದ ಮಷೀನಿಗೆ ಇದೊಂದು ಗಂಟು ಯಾಕೆ ಬಗ್ಗಲಿಲ್ಲ ಎಂದು ಬುದ್ಧಿ ನೆಟ್ಟಗಿರುವ ಯಾರಾದರೂ ಕೇಳುತ್ತಿದ್ದರು. ನನಗೆ ಹೊಳೆಯಲಿಲ್ಲ. ಆ ಹೊತ್ತಿಗಾಗಲೇ ನಾನು ಒಳ್ಳೆ ಸೀರೆ ಯಾವುದು ಒಗೆದಿದೆ ಎಂದು ನೋಡುತ್ತಿದ್ದೆ. “ನಾಳೆ ಬಹಳ ಕೆಲಸ ಇದೆ. ಆದ್ರೂ ಇದು ತಾಂತ್ರಿಕ ವಿಷಯ, ಬರಲೇಬೇಕಾಗುತ್ತೆ” ಎಂದೆ.

ಈ ಬಾರಿ ಫಲಕದ ಒಂದಕ್ಷರವನ್ನೂ ಮೀರಬಾರದೆಂದು ನಿರ್ಧರಿಸಿದ್ದೆ. ಕಾರ್ಖಾನೆಯಿಂದ ಚರ್ಮದ ಕೈಗವಸು, ರಕ್ಷಣಾ ಕನ್ನಡಕ, ಮೊಳದುದ್ದದ ಕಟರ್, ಎಲ್ಲವನ್ನೂ ಕೇಳಿ ತಂದು ಚೀಲಕ್ಕೆ ತುಂಬಿಕೊಂಡು ಮೆಟ್ರೋ ನಿಲ್ದಾಣಕ್ಕೆ ಹೋದೆ. ಚೀಲ ತಪಾಸಣೆಯ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಭದ್ರತೆಯ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದಳು.

“ಮೇಡಂ, ಇದೇನು?”

“ಉಕ್ಕಿನ ಪಟ್ಟಿ ಕತ್ತರಿಸೋ ಕಟರ್.”

“ಎಲ್ಲಿಗೆ ತಗೊಂಡ್ ಹೋಗ್ತಿದೀರಾ?”

“ಸರ್ಜಾಪುರಕ್ಕೆ. ಕೌದಿ ಬಿಚ್ಚೋಕೆ.”

“ಕೌದಿಗೆ ಯಾರ್ ಮೇಡಂ ಉಕ್ಕಿನ ಪಟ್ಟಿ ಹಾಕ್ತಾರೆ?”

“ನಾನು.”

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಬಹಳ ಮೃದುವಾಗಿ, “ಬಸ್ಸಲ್ಲಿ ಹೋಗಿ ಮೇಡಂ” ಎಂದಳು. ಮನೆಯಲ್ಲಿ ನೋಡಿಕೊಳ್ಳುವವರು ಯಾರಿದ್ದಾರೆ ಎಂದು ಕೇಳುವವಳಿದ್ದಳು, ಅಷ್ಟರಲ್ಲಿ ನಾನು ಹೊರಟುಬಂದೆ.

ಬಸ್ಸಿನ ಮೇಲೆ ಬಸ್ಸು ಹತ್ತಿ ಇಳಿದು, ಸೊಂಟ ಹಿಡಿದುಕೊಂಡು ಸರ್ಜಾಪುರ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಏಳುತ್ತಿರುವ ಅಪಾರ್ಟ್‌ಮೆಂಟುಗಳ ಬದಿಯಲ್ಲಿ ಶೀಟು ಹೊದಿಸಿದ ಸಾಲು ಮನೆಗಳು. ಅದರಲ್ಲೊಂದರ ಬಾಗಿಲಲ್ಲಿ ಗಂಗವ್ವ ನಿಂತಿದ್ದಳು. ಅವಳ ಮುಖ ಕಂಡದ್ದೇ ದಾರಿಯ ಸುಸ್ತೆಲ್ಲ ಇಳಿಯಿತು. ಹಾಗೆಂದು ಹೇಳಲು ಬರುತ್ತದೆಯೇ? “ಎಲ್ಲಿ ಗಂಟು?” ಎಂದೆ.

ಗಂಟನ್ನು ಅಂಗಳಕ್ಕೆ ತಂದಿಟ್ಟರು. ಪೀಣ್ಯದಿಂದ ಯಾರೋ ಮೇಡಂ ಬಂದಿದ್ದಾರೆಂದು ಸಾಲಿನ ಹೆಂಗಸರೆಲ್ಲ ನೆರೆದರು. ಜನ ಸೇರಿದರೆ ನನಗೆ ಹುರುಪು. ಕೈಗವಸು ತೊಟ್ಟೆ. ಕನ್ನಡಕದ ಮೇಲೆ ಕನ್ನಡಕ ಏರಿಸಿದೆ. “ಬಿಗಿದ ಪಟ್ಟಿ ಕತ್ತರಿಸಿದಾಗ ಚಾಟಿ ಹಾಗೆ ಹಾರುತ್ತೆ. ಯಾರೂ ಎದುರಿಗೆ ನಿಲ್ಲತಕ್ಕದ್ದಲ್ಲ!” ಎಂದು ಸಾರಿದೆ. ಎಲ್ಲರೂ ಹಿಂದೆ ಸರಿದರು. ಒಬ್ಬಾಕೆ ಒಳಗೋಡಿ ಬಾಗಿಲ ಸಂದಿಯಿಂದ ನೋಡಿದಳು. ನಾನು ಪಕ್ಕಕ್ಕೆ ನಿಂತು, ಉಸಿರು ಬಿಗಿಹಿಡಿದು, ಕಟರಿನ ಬಾಯಿ ತೂರಿಸಲು ಪಟ್ಟಿಯನ್ನು ಒಂದಿಷ್ಟು ಎತ್ತಿದೆ.

ಪಟ್ಟಿ ಪೂರ್ತಿ ಕೈಗೆ ಬಂತು!

ಹಾರಲಿಲ್ಲ, ಚಿಮ್ಮಲಿಲ್ಲ. ಅಳತೆ ತಪ್ಪಿದ ಬಳೆಯಂತೆ ಗಂಟಿನಿಂದ ಜಾರಿ ನನ್ನ ಕೈಯಲ್ಲಿ ತೂಗಾಡಿತು. ಮೆತ್ತನೆಯ ಗಂಟು ಟೆಂಪೋದಲ್ಲಿ ಕುಲುಕಿ ಕುಲುಕಿ ಕುಗ್ಗಿದೆ. ಪ್ಲಾಸ್ಟಿಕ್ಕಾಗಿದ್ದರೆ ಜೊತೆಗೇ ಕುಗ್ಗಿ ಹಿಡಿದುಕೊಳ್ಳುತ್ತಿತ್ತು. ಉಕ್ಕಿಗೆ ಆ ಗುಣವಿಲ್ಲ. ಬಿಗಿದ ಅಳತೆಯಲ್ಲೇ ಸೆಟೆದು ನಿಂತಿರುತ್ತದೆ. ಅಂಗಡಿಯವನು ಹೇಳಲು ಬಂದದ್ದು ಇದನ್ನೇ ಇರಬೇಕು.

ಬಾಗಿಲ ಸಂದಿಯಿಂದ ದನಿ ಬಂತು. “ಇದನ್ನ ಬಿಚ್ಚಾಕ ಪೀಣ್ಯಾದಿಂದ ಬಂದಾರೇನವ್ವಾ?” ಅಂಗಳವೆಲ್ಲ ಗೊಳ್ಳೆಂದಿತು.

ನನಗೆ ಸಿಟ್ಟು ನೆತ್ತಿಗೇರಿತು. “ಗಂಗವ್ವಾ! ಇದು ಮೊದಲೇ ಸಡಿಲ ಇತ್ತಲ್ಲೇ! ಒಂದು ಕೈಲಿ ಎಳೆದಿದ್ರೆ ಬರ್ತಿತ್ತು. ಇದಕ್ಕೆ ಆ ತುದಿಯಿಂದ ಈ ತುದಿಗೆ ನನ್ನನ್ನ ಕರೆಸಿದ್ಯಾ?”

ಗಂಗವ್ವ ನಗಲಿಲ್ಲ. “ಮತ್ತೇನ್ ಮಾಡ್ಲಿರಿ ಅಕ್ಕಾರ? ನೆನಪಾಗೈತಿ, ಸುಮ್ನ ಬರ್ರಿ ಅಂದ್ರ ನೀವು ಬರ್ತಿದ್ರೇನು?”

ಕೈಯಲ್ಲಿ ತೂಗಾಡುತ್ತಿದ್ದ ಪಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟೆ.

ಮೂಲೆಯಲ್ಲಿ ನಿಂತಿದ್ದ ಬಸಪ್ಪ ಕೆಮ್ಮಿದ. “ವಾರದಿಂದ ಥಂಡ್ಯಾಗ ಸೀರಿ ಹೊದ್ದು ಮಲಗೇವ್ರಿ ಅಕ್ಕಾರ. ಅಕ್ಕಾರು ಬಂದು ಬಿಚ್ಚಬೇಕಂತ ಆ ಗಂಟು ಮುಟ್ಟಾಕ ಬಿಡವಲ್ಲಳು. ಈಗಾದ್ರೂ ಕೌದಿ ತಗೋಬಹುದೇನ್ರಿ?”

ರಕ್ಷಣಾ ಕನ್ನಡಕ ಹೊರಗಿನಿಂದ ಬರುವುದನ್ನು ತಡೆಯುತ್ತದೆ. ಒಳಗಿನಿಂದ ಬರುವುದನ್ನು ತಡೆಯುವುದಿಲ್ಲ. ಎರಡು ಕನ್ನಡಕವೂ ಮಂಜಾದವು. ಗಂಗವ್ವ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ನಡುವೆ ಸೀಳುಬಿಟ್ಟ ಟಿವಿಯ ಎದುರು ಕುಳಿತು, ಬಿಸಿ ರೊಟ್ಟಿ ತಿಂದೆ. ಎಷ್ಟು ತಿಂದೆ ಎಂದು ಯಾರೂ ಎಣಿಸಲಿಲ್ಲ.

ಸಂಜೆ ಬಸ್ಸಿನ ತನಕ ಬಿಡಲು ಬಂದ ಗಂಗವ್ವ, “ಮುಂದಿನ ಐತವಾರನೂ ಬರ್ರಿ” ಎಂದಳು.

“ಯಾಕೆ? ಏನು ಬಿಚ್ಚೋದಿದೆ?”

“ಏನೂ ಇಲ್ರಿ. ಸುಮ್ನ ಬರ್ರಿ.”

“ಏನೋ ಗಂಗವ್ವ, ಭಾನುವಾರ ಅಂದ್ರೆ ನನಗೆ ಸಾವಿರ ಕೆಲಸ. ನೋಡ್ಬೇಕು” ಎಂದು ಗಂಭೀರವಾಗಿ ಬಸ್ಸು ಹತ್ತಿದೆ.

ಸೀಟಿನಲ್ಲಿ ಕುಳಿತು ನಿಜವಾಗಿಯೂ ನೋಡಿದೆ. ಮುಂದಿನ ಭಾನುವಾರ ಯಾವ ಕೆಲಸವೂ ಇರಲಿಲ್ಲ. ಅದರಾಚೆಯ ಭಾನುವಾರವೂ ಇರಲಿಲ್ಲ. ಹಾಗೇ ನೋಡುತ್ತಾ ನೋಡುತ್ತಾ ನಿವೃತ್ತಿಯವರೆಗೆ ಹೋದೆ, ಖಾಲಿಯೋ ಖಾಲಿ! ಬಸ್ಸು ಇನ್ನೂ ಸರ್ಜಾಪುರ ದಾಟಿರಲಿಲ್ಲ. ಫೋನು ತೆಗೆದು, “ಗಂಗವ್ವ, ತುಂಬಾ ಕಷ್ಟಪಟ್ಟು ಬಿಡುವು ಮಾಡ್ಕೊಂಡಿದೀನಿ, ಬರ್ತೀನಿ” ಎಂದೆ.